ಸೆಫ್ ನೋಡ್‌ನ ಎಚ್‌ಬಿಎ ಕಾರ್ಡ್ ಬದಲಿಸಬೇಕು, ಆಫ್ ಮಾಡುವ ಮುಂಚೆ ಏನೇನು ನೋಡಿಕೊಳ್ಳಲಿ?

ರಾತ್ರಿಪಾಳಿ:
ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಐದು ನೋಡ್‌ಗಳ (ಸರ್ವರ್‌ಗಳ) ಸೆಫ್ ಕ್ಲಸ್ಟರ್ ಇದೆ, ಅಂದರೆ ಡೇಟಾದ ಪ್ರತಿಗಳನ್ನು ಹಲವು ಸರ್ವರ್‌ಗಳಲ್ಲಿ ಹಂಚಿಡುವ ವ್ಯವಸ್ಥೆ. ಎಲ್ಲವೂ 2ಯು ಡಬ್ಬಗಳು. ಒಂದೊಂದರಲ್ಲಿ ಎಂಟು ಸಾಟಾ ಡಿಸ್ಕ್, ಅವನ್ನು ಸರ್ವರ್‌ಗೆ ಜೋಡಿಸುವ ಒಂದು ಎಚ್‌ಬಿಎ ಕಾರ್ಡ್. ಪೂಲ್‌ಗಳೆಲ್ಲ (ಡೇಟಾ ಇಡುವ ವಿಭಾಗಗಳು) ಮೂರು ಪ್ರತಿಯವು, ಮಿನ್-ಸೈಜ್ (ಓದು-ಬರಹ ನಡೆಯಲು ಇರಲೇಬೇಕಾದ ಪ್ರತಿಗಳು) 2.

ಮೂರು ವಾರದ ಹಿಂದೆ ನಾಲ್ಕನೇ ನೋಡ್‌ನಲ್ಲಿ ಒಂದು ಡಿಸ್ಕ್ ಎರರ್ ಕೊಟ್ಟಿತು. ಬದಲಿಸಿದೆ. ನಾಲ್ಕು ದಿನ ಬಿಟ್ಟು ಪಕ್ಕದ್ದೂ ಅದೇ ಹಾಡು. ಅದನ್ನೂ ಬದಲಿಸಿದೆ. ನಿನ್ನೆ ರಾತ್ರಿ ಮೂರು ಓಎಸ್‌ಡಿ (ಒಂದೊಂದು ಡಿಸ್ಕ್ ನೋಡಿಕೊಳ್ಳುವ ಸೆಫ್ ಪ್ರೋಗ್ರಾಂ) ಒಟ್ಟಿಗೇ ಬಿದ್ದು, ತಮ್ಮಷ್ಟಕ್ಕೆ ತಾವೇ ಎದ್ದವು. ಆಗ ನನ್ನ ಟ್ಯೂಬ್‌ಲೈಟ್ ಹತ್ತಿತು. ಸ್ಮಾರ್ಟ್ (ಡಿಸ್ಕ್‌ನ ಆರೋಗ್ಯ ವರದಿ) ತೆಗೆದು ನೋಡಿದರೆ ಕೆಟ್ಟ ಸೆಕ್ಟರ್ ಒಂದೂ ಇಲ್ಲ, 199ನೇ ಸಾಲಿನ ಸಿಆರ್‌ಸಿ ಎಣಿಕೆ (ಡಿಸ್ಕ್‌ಗೆ ಹೋಗಿಬರುವ ದಾರಿಯಲ್ಲಿ ಡೇಟಾ ಕೆಟ್ಟ ಲೆಕ್ಕ) ಮಾತ್ರ ಏರುತ್ತಾ ಇದೆ. ಅಂದರೆ ಎರಡು ಒಳ್ಳೆಯ ಡಿಸ್ಕ್‌ಗಳನ್ನು ಸುಮ್ನೆ ಕಿತ್ತು ಹಾಕಿದ್ದೇನೆ.

ಈಗ ಅನುಮಾನ ಕಾರ್ಡ್ ಮೇಲೆ. ಅದೇ ಮಾಡೆಲ್‌ನ ಹೊಸ ಕಾರ್ಡ್ ಮೇಜಿನ ಮೇಲಿದೆ. ಶನಿವಾರ ರಾತ್ರಿ ಒಂದು ಗಂಟೆ ಸಿಗುತ್ತದೆ. ಅಷ್ಟು ಹೊತ್ತು ನೋಡ್ ಆಫ್ ಇದ್ದರೆ ಕ್ಲಸ್ಟರ್ ಎಲ್ಲ ಡೇಟಾವನ್ನೂ ಬೇರೆ ಕಡೆ ನಕಲು ಮಾಡಲು ಶುರು ಮಾಡುತ್ತದಾ? ಹೊಸ ಕಾರ್ಡ್ ಹಾಕಿದ ಮೇಲೆ ಹಳೇ ಡಿಸ್ಕ್‌ಗಳನ್ನು ಡೇಟಾ ಸಮೇತ ಗುರುತಿಸುತ್ತದಾ? ಡಿಸ್ಕ್ ಎಷ್ಟೋ ಬದಲಿಸಿದ್ದೇನೆ, ಕಾರ್ಡ್ ಇದೇ ಮೊದಲು.

ಹಳೇಸ್ಕ್ರೂ:
ಹೌದು, ಬಿಟ್ಟರೆ ಶುರು ಮಾಡುತ್ತದೆ. ಓಎಸ್‌ಡಿ ಬಿದ್ದು 600 ಸೆಕೆಂಡ್ ಆದರೆ ಸೆಫ್ ಅದನ್ನು ಔಟ್ ಅಂತ ಲೆಕ್ಕ ಹಾಕಿ ಡೇಟಾ ಸಾಗಿಸಲು ಹೊರಡುತ್ತದೆ. ಡೀಫಾಲ್ಟ್ ಬದಲಿಸಿಲ್ಲದಿದ್ದರೆ ನಿಮ್ಮ ಕೈಯಲ್ಲಿರುವುದು ಹತ್ತೇ ನಿಮಿಷ. ಅದಕ್ಕೇ ಮೊದಲು, ಔಟ್ ಮಾಡಬೇಡ ಅನ್ನುವ ನೋಔಟ್ ಫ್ಲ್ಯಾಗ್ ಹಾಕಿ. ಇಡೀ ಕ್ಲಸ್ಟರ್‌ಗೆ ಬೇಡ. ನಾಟಿಲಸ್ ಅಥವಾ ಅದಕ್ಕಿಂತ ಹೊಸ ಆವೃತ್ತಿಯಾದರೆ ಸೆಟ್-ಗ್ರೂಪ್ ಕಮಾಂಡ್‌ನಿಂದ ಆ ಹೋಸ್ಟ್‌ಗೆ ಮಾತ್ರ ಹಾಕಬಹುದು.

ಆದರೆ ಕ್ಲಸ್ಟರ್ ಪೂರ್ತಿ ಆರೋಗ್ಯವಾಗಿದ್ದರೆ ಮಾತ್ರ ಆಫ್ ಮಾಡಿ. ನೋಡ್ ಆಫ್ ಆದ ಮೇಲೆ ಅದರ ಪಿಜಿಗಳಿಗೆ (ಸೆಫ್ ಡೇಟಾ ಹಂಚಿಡುವ ಗುಂಪುಗಳು) ಉಳಿಯುವುದು ಎರಡೇ ಪ್ರತಿ. ಅದೇ ಹೊತ್ತಿಗೆ ಬೇರೆ ನೋಡ್‌ನಲ್ಲಿ ಒಂದು ಡಿಸ್ಕ್ ಹೋದರೆ ಕೆಲವಕ್ಕೆ ಒಂದೇ ಉಳಿಯುತ್ತದೆ. ಮಿನ್-ಸೈಜ್ 2 ಇರುವುದರಿಂದ ಆ ಪಿಜಿಗಳಲ್ಲಿ ಓದು-ಬರಹ ಎರಡೂ ನಿಂತುಬಿಡುತ್ತವೆ. ಆಗ ಮಿನ್-ಸೈಜ್ ಇಳಿಸುವ ಆಸೆ ಆಗುತ್ತದೆ. ಇಳಿಸಬೇಡಿ, ನೋಡ್ ಎಬ್ಬಿಸಿ. ಆ ನೋಡ್‌ನಲ್ಲಿ ಮಾನಿಟರ್ (ಕ್ಲಸ್ಟರ್‌ನ ಸ್ಥಿತಿಯ ಲೆಕ್ಕ ಇಡುವ ಪ್ರೋಗ್ರಾಂ) ಕೂಡ ಓಡುತ್ತಿದ್ದರೆ ಉಳಿದವು ಬಹುಮತಕ್ಕೆ ಸಾಕಾಗುತ್ತವಾ ಅಂತಲೂ ನೋಡಿ.

ಡಿಸ್ಕ್ ಗುರುತಿಸುವ ಚಿಂತೆ ಬೇಡ. ಓಎಸ್‌ಡಿ ಯಾವುದು ಅನ್ನೋದು ಡಿಸ್ಕ್ ಮೇಲಿನ ಎಲ್‌ವಿಎಂ ಟ್ಯಾಗ್‌ನಲ್ಲೇ ಇರುತ್ತದೆ. ಡಿಸ್ಕ್‌ನ ಹೆಸರು ಎಸ್‌ಡಿಎ ಹೋಗಿ ಎಸ್‌ಡಿಸಿ ಆದರೂ ಸೆಫ್‌ಗೆ ಏನೂ ಅನಿಸದು. ಹೊಸ ಕಾರ್ಡ್‌ನ ಫರ್ಮ್‌ವೇರ್ ಐಟಿ ಮೋಡ್‌ನಲ್ಲಿದೆಯಾ (ಡಿಸ್ಕ್‌ಗಳನ್ನು ಒಟ್ಟು ಸೇರಿಸದೆ ಹಾಗೇ ತೋರಿಸುವ ಮೋಡ್) ಅಂತ ಮುಂಚೆಯೇ ಬೇರೆ ಯಂತ್ರದಲ್ಲಿ ಹಾಕಿ ನೋಡಿ. ಅಪ್ಪಿತಪ್ಪಿ ರೇಡ್ (ಡಿಸ್ಕ್‌ಗಳನ್ನು ಒಟ್ಟು ಸೇರಿಸುವ) ಮೆನು ಬಂದು, ಡಿಸ್ಕ್ ಅಳಿಸಿ ಇನಿಶಿಯಲೈಸ್ ಮಾಡಲಾ ಅಂತ ಕೇಳಿದರೆ, ಕೈ ಕಟ್ಟಿ ಕೂತುಕೊಳ್ಳಿ.

ಇನ್ನೊಂದು. ಕೆಲಸ ಮುಗಿದ ಮೇಲೆ ನೋಔಟ್ ತೆಗೆಯಿರಿ. ನಾನು ಒಮ್ಮೆ ಮರೆತೆ. ಡ್ಯಾಶ್‌ಬೋರ್ಡ್ ಹಳದಿ ತೋರಿಸುತ್ತಲೇ ಇತ್ತು, ನಮಗೆ ಹಳದಿ ಅಭ್ಯಾಸವಾಗಿಹೋಗಿತ್ತು. ಮುಂದೆ ನಿಜವಾಗಿಯೂ ಒಂದು ಡಿಸ್ಕ್ ಸತ್ತಾಗ ಸೆಫ್ ಸುಮ್ಮನೆ ನೋಡುತ್ತಾ ಕೂತಿತ್ತು.

ವಯರ್‌ಮನ್:
ಸ್ವಲ್ಪ ತಡೀರಿ. ಕಾರ್ಡೇ ಕಳ್ಳ ಅಂತ ಹೇಗೆ ತೀರ್ಮಾನ ಮಾಡಿದಿರಿ? ಎರರ್ ಬಂದಿದ್ದು ಎಂಟು ಬೇಗಳಲ್ಲೂ (ಡಿಸ್ಕ್ ಕೂರುವ ಗೂಡುಗಳಲ್ಲೂ) ಇದೆಯಾ, ಇಲ್ಲ ಕೆಲವುದರಲ್ಲೇನಾ?

ರಾತ್ರಿಪಾಳಿ:
ಮೊದಲು 2, ಆಮೇಲೆ 3. ನಿನ್ನೆ ರಾತ್ರಿ 0, 1 ಮತ್ತು 3. 4ರಿಂದ 7ರವರೆಗೆ ಸಿಆರ್‌ಸಿ ಸೊನ್ನೆ. ಬರೆಯುವಾಗಲೇ ಗೊತ್ತಾಗುತ್ತಿದೆ ನೀವು ಎಲ್ಲಿಗೆ ಹೊರಟಿದ್ದೀರಿ ಅಂತ.

ವಯರ್‌ಮನ್:
ಅಲ್ವಾ? ಎಕ್ಸ್‌ಪ್ಯಾಂಡರ್ (ಒಂದು ದಾರಿಯನ್ನು ಹಲವು ಡಿಸ್ಕ್‌ಗೆ ಹಂಚುವ ಚಿಪ್) ಇಲ್ಲದ ಬ್ಯಾಕ್‌ಪ್ಲೇನ್ (ಡಿಸ್ಕ್‌ಗಳನ್ನು ಸಿಕ್ಕಿಸುವ ಬೋರ್ಡ್) ಆದರೆ ಒಂದು ಮಿನಿ-ಸ್ಯಾಸ್ ಕೇಬಲ್‌ಗೆ ನಾಲ್ಕು ಡಿಸ್ಕ್. ಕಾರ್ಡ್ ಪೂರ್ತಿ ಕೆಟ್ಟಿದ್ದರೆ ಎಂಟೂ ಅಳಬೇಕಿತ್ತು. ಕಾರ್ಡ್ ಕಡೆಯ ತುದಿಯಲ್ಲಿ ಎರಡು ಕೇಬಲ್‌ಗಳನ್ನು ಅದಲು ಬದಲು ಮಾಡಿ, ಆನ್ ಮಾಡಿ, ಡಿಸ್ಕ್‌ಗಳನ್ನು ಜೋರಾಗಿ ಓದಿಸಿ. ಎರರ್ 4–7ಕ್ಕೆ ಹೋದರೆ ಕಾರ್ಡ್‌ನ ಪೋರ್ಟ್. 0–3ರಲ್ಲೇ ಉಳಿದರೆ ಕೇಬಲ್ ಅಥವಾ ಬ್ಯಾಕ್‌ಪ್ಲೇನ್. ಸಿಆರ್‌ಸಿ ಎಣಿಕೆ ಎಂದೂ ಇಳಿಯುವುದಿಲ್ಲ. ಮುಂಚಿನ ಅಂಕಿ ಬರೆದಿಟ್ಟುಕೊಂಡು ಹೋಲಿಸಿ. ಶನಿವಾರಕ್ಕೆ ಕಾರ್ಡ್ ಜೊತೆ ಒಂದು ಹೊಸ ಕೇಬಲ್ಲೂ ಇರಲಿ.

ಕತ್ತಲೆಗಲ್ಲಿ:
ನನ್ನದು ಚಿಕ್ಕ ಮಾತು. ಗುರುತಿನ ನೀಲಿ ದೀಪ ಹಚ್ಚಿಕೊಂಡೇ ರ‍್ಯಾಕ್ ಹಿಂದೆ ಹೋಗಿ. ಹಿಂದಿನಿಂದ ಐದೂ ಡಬ್ಬ ಒಂದೇ ಥರ ಕಾಣುತ್ತವೆ, ನಾನು ಬದುಕಿದ್ದದ್ದನ್ನು ಕಿತ್ತವನು. ಆಫ್ ಮಾಡಿದ ಮೇಲೆ ಎರಡೂ ಪವರ್ ಕೇಬಲ್ ತೆಗೆಯಿರಿ, ಇಲ್ಲದಿದ್ದರೆ ಬೋರ್ಡ್‌ನಲ್ಲಿ ಸ್ಟ್ಯಾಂಡ್‌ಬೈ ಕರೆಂಟ್ ಇರುತ್ತದೆ. ಎಚ್‌ಬಿಎ ಹೀಟ್‌ಸಿಂಕ್ ಕೈ ಸುಡುವಷ್ಟು ಬಿಸಿ ಇರುತ್ತದೆ, ಐದು ನಿಮಿಷ ಬಿಡಿ.

ರಾತ್ರಿಪಾಳಿ:
ಮುಗಿಯಿತು. ಅದಲು ಬದಲು ಮಾಡಿದೆ, ಎರರ್ 0–3ರಲ್ಲೇ ಉಳಿಯಿತು. ಮತ್ತೆ ಆಫ್ ಮಾಡಿ, ಸಿಪಿಯು ಮೇಲಿನ ಪ್ಲಾಸ್ಟಿಕ್ ಗಾಳಿ ಹೊದಿಕೆ ಎತ್ತಿದೆ. ಮೊದಲನೇ ಕೇಬಲ್ ಅದರ ಅಂಚಿನ ಕೆಳಗೆ ಸಿಕ್ಕಿಕೊಂಡಿತ್ತು. ಚಪ್ಪಟೆ ಪಟ್ಟಿಯ ಮೇಲೆ ಉಗುರಿನಿಂದ ಗೀರಿದ ಹಾಗೆ ಒಂದು ಬಿಳಿ ಗೆರೆ, ಬೆರಳಾಡಿಸಿದರೆ ತಗ್ಗು ಗೊತ್ತಾಗುತ್ತದೆ. ಎರಡು ತಿಂಗಳ ಹಿಂದೆ ರ‍್ಯಾಮ್ ಸೇರಿಸಲು ಆ ಹೊದಿಕೆ ತೆಗೆದು ವಾಪಸ್ ಒತ್ತಿದವನು ನಾನೇ. ಸ್ವಲ್ಪ ಬಿಗಿ ಅನಿಸಿತ್ತು, ಅಂಗೈಯಲ್ಲಿ ಒಂದು ಏಟು ಕೊಟ್ಟು ಕೂರಿಸಿದ್ದೆ. ಅದೂ ನೆನಪಿದೆ.

ಹೊಸ ಕೇಬಲ್ ಹಾಕಿ, ಪಕ್ಕದ ಹಾದಿಯಲ್ಲಿ ಸಾಗಿಸಿ, ಹೊದಿಕೆ ಕೂರಿಸಿದೆ. ಈ ಸಲ ಏಟು ಬೇಕಾಗಲಿಲ್ಲ. ಎಂಟೂ ಓಎಸ್‌ಡಿ ಎದ್ದವು, ಆಫ್ ಇದ್ದಾಗ ಬರೆದಿದ್ದನ್ನಷ್ಟೇ ತುಂಬಿಕೊಂಡವು. ರಾತ್ರಿಯಿಡೀ ಓದಿಸಿದೆ, ಸಿಆರ್‌ಸಿ ಒಂದೂ ಏರಿಲ್ಲ. ಕಿತ್ತಿಟ್ಟಿದ್ದ ಎರಡು ಡಿಸ್ಕ್‌ಗಳು ಪರೀಕ್ಷೆ ಪಾಸಾಗಿ ಸ್ಪೇರ್ ಪೆಟ್ಟಿಗೆ ಸೇರಿವೆ. ಹೊಸ ಕಾರ್ಡ್‌ನ ಕವರ್ ಇನ್ನೂ ಒಡೆದಿಲ್ಲ.

ಹಳೇಸ್ಕ್ರೂ ಅವರೇ, ನೋಔಟ್ ತೆಗೆದೆ. ಇದನ್ನು ಬರೆಯುವ ಮುಂಚೆ ಇನ್ನೊಮ್ಮೆ ಎದ್ದು ಹೋಗಿ ನೋಡಿಯೂ ಬಂದೆ, ಹಸಿರು.