‘ಅಲ್ಪಕ ವಾಕಿಂಗ್’ಗೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ (ಪೆರ್ಲದಿಂದ):
ರಜೆಗೆಂದು ಹಳ್ಳಿಗೆ ಹೋದವರು ದುಡ್ಡು ಕೊಟ್ಟು ಸಾಕುಪ್ರಾಣಿಯ ಹಗ್ಗ ಹಿಡಿದು, ಸಾಕಿದವರ ಸಂಗಡ ಒಂದೆರಡು ಗಂಟೆ ನಡೆದು ಬರುವ ರೂಢಿ ಯುರೋಪಿನಲ್ಲಿದೆ. ಇಂಗ್ಲೆಂಡಿನಲ್ಲಿ ಅಲ್ಪಕ (ಉಣ್ಣೆಗಾಗಿ ಸಾಕುವ, ಒಂಟೆಯ ಬಳಗದ ದಕ್ಷಿಣ ಅಮೆರಿಕದ ಪ್ರಾಣಿ), ಜರ್ಮನಿಯಲ್ಲಿ ಅದರದೇ ದೊಡ್ಡ ನೆಂಟ ಲಾಮಾ, ಫ್ರಾನ್ಸಿನ ಬೆಟ್ಟಗಳಲ್ಲಿ ಕತ್ತೆ. ಕಾಸರಗೋಡು ಗಿಡ್ಡ ದನಗಳೊಂದಿಗೆ ಇಂಥದ್ದೇ ನಡಿಗೆ ಏರ್ಪಡಿಸುವ ಹೋಂಸ್ಟೇಯ ಕರಪತ್ರಕ್ಕೆ ಪದ ಬೇಕಾಗಿದೆ. ‘ಮಾರ್ಗದರ್ಶಿತ ಪ್ರಾಣಿ ನಡಿಗೆ’ ಸರಿಯೇ? ‘ಪ್ರಾಣಿ ಚಾರಣ’ ಎನ್ನಬಹುದೇ? ಹಗ್ಗ ಕಟ್ಟಲು ಪ್ರಾಣಿಯ ಮುಖಕ್ಕೆ ಹಾಕುವ ಹಾಲ್ಟರಿಗೆ ‘ಮೂಗುದಾರ’ ಆದೀತೇ?

ಉತ್ತರ:
‘ಮಾರ್ಗದರ್ಶಿತ’ ಬೇಡ. ‘ದಾರಿ ತೋರಿಸಲು ಮನೆಯವರು ಜೊತೆಗಿರುತ್ತಾರೆ’ ಎಂದು ಕೆಳಗೊಂದು ಸಾಲು ಬರೆದರೆ ಸಾಕು. ‘ಪ್ರಾಣಿ ನಡಿಗೆ’ಯೂ ಸರಿಯಿಲ್ಲ. ‘ಎತ್ತಿನ ನಡಿಗೆ’ ಎಂದರೆ ಎತ್ತು ಹೆಜ್ಜೆ ಹಾಕುವ ರೀತಿ ತಾನೆ?

‘ಚಾರಣ’ದ ಪರವಾಗಿ ಹೇಳುವುದು ಬಹಳ ಇದೆ. ಸಂಸ್ಕೃತದ ‘ಚರ್’ ಧಾತುವಿಗೆ ನಡೆ, ಮೇಯು ಎಂಬ ಎರಡೂ ಅರ್ಥಗಳಿವೆ. ‘ಗೋಚಾರಣ’ ಎಂದರೆ ದನ ಮೇಯಿಸುವುದು. ‘ಟ್ರೆಕ್’ ಕೂಡ ದನದ ಹಿಂದೆಯೇ ಬಂದ ಮಾತು: ಡಚ್ ಭಾಷೆಯಲ್ಲಿ ‘ಎಳೆ’ ಎಂಬರ್ಥದ ಕ್ರಿಯಾಪದ, ದಕ್ಷಿಣ ಆಫ್ರಿಕಾದ ಎತ್ತಿನ ಗಾಡಿಗಳ ಪ್ರಯಾಣಕ್ಕೆ ಹೆಸರಾಗಿ ಇಂಗ್ಲಿಷಿಗೆ ದಾಟಿತು. ಆದರೂ ಇಂದಿನ ಓದುಗರಿಗೆ ಚಾರಣವೆಂದರೆ ಬೆನ್ನಿಗೆ ಚೀಲ, ಏದುಸಿರು, ಬೆಟ್ಟದ ತುದಿ. ಮಕ್ಕಳೂ ಹೋಗಬಹುದಾದ ಎರಡು ಗಂಟೆಯ ಸುತ್ತಾಟಕ್ಕೆ ಅದು ಭಾರದ ಪದ.

ಪದ ಹುಡುಕುವ ಮೊದಲು ಮನುಷ್ಯ ಎಲ್ಲಿ ನಡೆಯುತ್ತಾನೆಂದು ನೋಡಬೇಕು. ಅಲ್ಪಕವೂ ಗಿಡ್ಡ ದನವೂ ಭುಜದ ಬಳಿ ಸುಮಾರು ಒಂದು ಮೀಟರ್ ಎತ್ತರದವೇ. ಆದರೆ ನಡೆಸುವ ಕ್ರಮ ಬೇರೆ. ಅಲ್ಪಕದ ಪಕ್ಕದಲ್ಲಿ, ಹಗ್ಗ ಸಡಿಲ ಬಿಟ್ಟು ನಡೆಯಬೇಕು. ಎಳೆದರೆ ಕಾಲೂರಿ ನಿಲ್ಲುತ್ತದೆ, ಕೆಲವೊಮ್ಮೆ ಕೂತೇ ಬಿಡುತ್ತದೆ. ಹಿಂಡಿನ ಪ್ರಾಣಿಯಾದ್ದರಿಂದ ಒಂಟಿಯಾಗಿ ಕರೆದೊಯ್ದರೆ ಗಾಬರಿ. ಹಗ್ಗದ ಉಳಿಕೆಯನ್ನು ಅಂಗೈಗೆ ಸುತ್ತಿಕೊಳ್ಳದೆ ಮಡಚಿ ಹಿಡಿಯಬೇಕು. ಸುತ್ತಿಕೊಂಡಾಗ ಪ್ರಾಣಿ ಓಡಿದರೆ ಬೆರಳು ಸಿಕ್ಕಿಕೊಳ್ಳುತ್ತದೆ. ಗಿಡ್ಡವನ್ನು ಗುಡ್ಡೆಗೆ ಬಿಟ್ಟಾಗ ನಾವು ಹಿಂದಿನಿಂದ ಹೋಗುತ್ತೇವೆ, ಅದೂ ನೇರ ಹಿಂದೆ ಅಲ್ಲ. ಬಾಲದ ನೇರಕ್ಕೆ ದನಕ್ಕೆ ಕಣ್ಣು ಕಾಣಿಸುವುದಿಲ್ಲ, ಬೆಚ್ಚಿ ಒದೆಯಬಹುದು. ಓರೆಯಾಗಿ, ಭುಜಕ್ಕಿಂತ ತುಸು ಹಿಂದೆ ನಿಂತರೆ ದನ ಮುಂದೆ ಹೋಗುತ್ತದೆ. ಭುಜ ದಾಟಿ ಮುಂದೆ ಬಂದರೆ ನಿಲ್ಲುತ್ತದೆ, ಇಲ್ಲವೇ ಹಿಂದಿರುಗುತ್ತದೆ. ಇದಕ್ಕೆ ನಮ್ಮಲ್ಲಿ ‘ಅಟ್ಟು’, ‘ಎಬ್ಬು’ ಇವೆ. ಅಲ್ಪಕಕ್ಕೆ ಇವೆರಡೂ ಒಗ್ಗವು.

ಆದ್ದರಿಂದ ಎರಡಕ್ಕೂ ಹೊಂದುವಂತೆ ‘ಒಟ್ಟಿಗೆ’ ಬಳಸಿ: ‘ದನಗಳೊಟ್ಟಿಗೆ ಗುಡ್ಡೆ ಸುತ್ತಾಟ’, ‘ಅಲ್ಪಕದೊಟ್ಟಿಗೆ ನಡಿಗೆ’. ಬದಿಯಡ್ಕದವರಿಗೂ ಬೆಂಗಳೂರಿನವರಿಗೂ ಇದು ತಿಳಿಯುತ್ತದೆ.

ಹಾಲ್ಟರಿಗೆ ‘ಮೂಗುದಾರ’ ಖಂಡಿತ ಬೇಡ. ಮೂಗುದಾರ ಮೂಗು ಚುಚ್ಚಿ ಪೋಣಿಸುವಂಥದ್ದು. ‘ಕಡಿವಾಣ’ಕ್ಕೆ ಬಾಯೊಳಗೆ ಕಬ್ಬಿಣವಿದೆ, ‘ಬಾಯಿಕುಕ್ಕೆ’ ಮೇಯದಂತೆ ತಡೆಯಲು. ಹಾಲ್ಟರ್ ಬರಿಯ ಪಟ್ಟಿ, ಮುಖದ ಸುತ್ತ ಬರುತ್ತದೆ. ‘ಮೋರೆಪಟ್ಟಿ’ ಎಂದರೆ ಹೇಗೆ? ಅಲ್ಪಕಕ್ಕೆ ಅದನ್ನು ಕಣ್ಣಿನ ಹತ್ತಿರ, ಮೂಗಿನ ಎಲುಬಿನ ಮೇಲೆ ಕೂರಿಸಬೇಕು. ತುದಿಯ ಮೆದು ಭಾಗಕ್ಕೆ ಜಾರಿದರೆ ಉಸಿರು ಕಟ್ಟುತ್ತದೆ, ಏಕೆಂದರೆ ಅದು ಮುಖ್ಯವಾಗಿ ಮೂಗಿನಿಂದಲೇ ಉಸಿರಾಡುತ್ತದೆ. ಹೀಗಿರುವಾಗ ‘ಮೂಗು’ ಎಂಬ ಹೆಸರೇ ತಪ್ಪು ಜಾಗ ತೋರಿಸೀತು.

ಇನ್ನೊಂದು ಉತ್ತರ (ಮುಳ್ಳೇರಿಯಾದಿಂದ):
‘ದನಗಳೊಟ್ಟಿಗೆ’ ಒಪ್ಪಿಗೆ. ಆದರೆ ಕರಪತ್ರದಲ್ಲಿ ಹಗ್ಗಕ್ಕೆ ನಮ್ಮ ‘ಬಳ್ಳಿ’ ಬರೆಯಬೇಡಿ. ‘ಬಳ್ಳಿ ಬಿಡಬೇಡಿ’ ಎಂದರೆ ಘಟ್ಟದ ಮೇಲಿನವರು ಕಾಳುಮೆಣಸಿನ ಬಳ್ಳಿಯನ್ನು ಹುಡುಕಿಯಾರು. ‘ಹಗ್ಗ’ ಎಂದೇ ಇರಲಿ. ‘ಮೇಯಲು ಬಿಡಿ’ ಎಂದು ಬರೆಯುವುದಾದರೆ ‘ಹುಲ್ಲು’ ಎಂದು ಸೇರಿಸಿ. ದಾರಿ ಬದಿಯ ಮರಗೆಣಸಿನ ಸೊಪ್ಪಿಗೆ ದನ ಬಾಯಿ ಹಾಕಿದರೆ ಅದರ ಸಯನೈಡಿನಿಂದ ಜೀವಕ್ಕೇ ಅಪಾಯ. ಕಣಗಿಲೆ ಎಲೆಯೂ ವಿಷವೇ. ಬರಿಯ ‘ಮೇಯಲು ಬಿಡಿ’ ಎಂಬುದನ್ನು ಓದಿದ ಪೇಟೆಯ ಮಗು ಸಿಕ್ಕಿದ ಸೊಪ್ಪನ್ನೆಲ್ಲ ಕಿತ್ತು ದನದ ಬಾಯಿಗೆ ಹಿಡಿಯುತ್ತದೆ.