ಕಡಲ ತಡಿಯ ರಸ್ತೆಯನ್ನು ರಾತ್ರಿ ಮುಚ್ಚಬಹುದೇ? ಅನುಭವವಿದ್ದವರು ದಯವಿಟ್ಟು ತಿಳಿಸಿ

ಪ್ರಶ್ನೆ

ನಮ್ಮ ಊರು ಉಡುಪಿ ಜಿಲ್ಲೆಯ ಕಡಲ ತಡಿಯಲ್ಲಿದೆ. ಪಡುವಣಕ್ಕೆ ಸಮುದ್ರ, ಮೂಡಣಕ್ಕೆ ಹೊಳೆ, ನಡುವಿನ ಕಿರಿದಾದ ನೆಲದಲ್ಲಿ ತೆಂಗಿನ ತೋಟ, ಮನೆಗಳು, ಒಂದು ಭಜನಾ ಮಂದಿರ ಮತ್ತು ಊರಿನುದ್ದಕ್ಕೂ ಸಾಗುವ ಒಂದೇ ಒಂದು ರಸ್ತೆ. ಸೇತುವೆಯಾಗಿ ರಸ್ತೆಗೆ ಡಾಂಬರು ಬಿದ್ದ ಮೇಲೆ ಶನಿವಾರ, ಭಾನುವಾರಗಳ ಸಂಜೆ ಹೊರಗಿನಿಂದ ಬರುವ ಬೈಕು, ಕಾರುಗಳ ವೇಗಕ್ಕೆ ಲಂಗುಲಗಾಮಿಲ್ಲದಂತಾಗಿದೆ. ಸೈಲೆನ್ಸರ್ ಬದಲಾಯಿಸಿದ ಬೈಕುಗಳು ಮಧ್ಯರಾತ್ರಿ ಕಳೆದರೂ ಸುತ್ತು ಹೊಡೆಯುತ್ತಿರುತ್ತವೆ. ಕಳೆದ ತಿಂಗಳು ಅಂಗಡಿಗೆ ಹೋಗಿ ಬರುತ್ತಿದ್ದ ನೆರೆಮನೆಯ ಹುಡುಗನಿಗೆ ಕಾರೊಂದು ತಾಗಿ ಕಾಲು ಮುರಿಯಿತು.

ಆ ಬಳಿಕ ನಡೆದ ಗ್ರಾಮಸಭೆಯಲ್ಲಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಎರಡೂ ತುದಿಗೆ ಗೇಟು ಹಾಕಬೇಕೆಂದು ಅರ್ಧ ಜನ ಪಟ್ಟು ಹಿಡಿದರೆ, ಹಾಗೆ ಮಾಡಿದರೆ ಅಂಗಡಿ, ಹೋಮ್‌ಸ್ಟೇಗಳನ್ನು ನಂಬಿದವರ ಗತಿಯೇನೆಂದು ಇನ್ನರ್ಧ ಜನ ಕೇಳಿದರು. ತೀರ್ಮಾನವಾಗದೆ ಸಭೆ ಮುಗಿಯಿತು. ಮುಂದಿನ ಸಭೆಗೆ ಒಂದು ಟಿಪ್ಪಣಿ ಬರೆದು ತರುವ ಹೊಣೆ ನನ್ನ ಮೇಲೆ ಬಿದ್ದಿದೆ. ಬೇರೆ ಊರುಗಳಲ್ಲಿ ಕಡಲ ತಡಿಯ ರಸ್ತೆ ಮುಚ್ಚಿದ್ದನ್ನು ಕಣ್ಣಾರೆ ಕಂಡವರು, ಅದರಿಂದ ಆದದ್ದೇನು ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಪುದುಚೇರಿಯಲ್ಲಿ ನೆಲೆಸಿರುವ ಒಬ್ಬರು

ಇಲ್ಲಿನ ಬೀಚ್ ರಸ್ತೆಯನ್ನು (ಕಾಗದಪತ್ರಗಳಲ್ಲಿ ಗೌಬರ್ಟ್ ಅವೆನ್ಯೂ) ಪ್ರತಿದಿನ ಸಂಜೆ 6ರಿಂದ ಮರುದಿನ ಬೆಳಿಗ್ಗೆ 7:30ರವರೆಗೆ ವಾಹನಗಳಿಗೆ ಮುಚ್ಚುತ್ತಾರೆ. ಸುಮಾರು ಒಂದೂವರೆ ಕಿಲೋಮೀಟರ್ ಉದ್ದದ ಆ ರಸ್ತೆಯಲ್ಲಿ ಗಾಂಧಿ ಪ್ರತಿಮೆಯ ಸುತ್ತ ಮಕ್ಕಳು ಓಡಾಡುವುದನ್ನೂ, ಮುದುಕರು ರಸ್ತೆಯ ನಟ್ಟನಡುವೆ ನಿಶ್ಚಿಂತೆಯಿಂದ ಮಾತಾಡುತ್ತ ನಡೆಯುವುದನ್ನೂ ನೋಡಿದರೆ, ಎಲ್ಲ ಊರಿನಲ್ಲೂ ಹೀಗೇಕೆ ಮಾಡಬಾರದು ಎಂದು ಯಾರಿಗಾದರೂ ಅನ್ನಿಸುತ್ತದೆ. ನನಗೂ ಮೊದಲು ಹಾಗೆಯೇ ಅನ್ನಿಸಿತ್ತು.

ಆದರೆ ಇಲ್ಲಿ ಅದು ನಡೆಯುವುದಕ್ಕೆ ಕಾರಣ ಗೇಟಲ್ಲ, ಊರಿನ ನಕ್ಷೆ. ಫ್ರೆಂಚರ ಕಾಲದ ಈ ಭಾಗದಲ್ಲಿ ಬೀದಿಗಳು ಚೌಕುಳಿಯಂತೆ ಒಂದನ್ನೊಂದು ಕತ್ತರಿಸುತ್ತವೆ. ಬೀಚ್ ರಸ್ತೆಯ ಹಿಂದೆಯೇ ಡ್ಯೂಮಾ ಬೀದಿ, ಅದರಾಚೆ ರೊಮೇನ್ ರೋಲ್ಯಾನ್ ಬೀದಿ ಅದೇ ದಿಕ್ಕಿನಲ್ಲಿ ಸಾಗುತ್ತವೆ. ಒಂದನ್ನು ಮುಚ್ಚಿದರೆ ವಾಹನಗಳು ಪಕ್ಕದ್ದರಲ್ಲಿ ಹೋಗುತ್ತವೆ. ಸಮುದ್ರಕ್ಕೆ ಮುಖ ಮಾಡಿ ನಿಂತಿರುವುದು ಸಚಿವಾಲಯ, ಹಳೆಯ ಸುಂಕದ ಕಟ್ಟಡ, ಹೋಟೆಲುಗಳಂಥವು. ಅದೊಂದೇ ರಸ್ತೆಯನ್ನು ನಂಬಿದ ಮನೆಗಳ ಸಾಲು ಅಲ್ಲಿಲ್ಲ. ಹೀಗಿದ್ದೂ ರಜಾದಿನಗಳಲ್ಲಿ ಹಿಂದಿನ ಬೀದಿಗಳ ನಿವಾಸಿಗಳಿಗೆ ತಮ್ಮ ಬಾಗಿಲ ಮುಂದೆಯೇ ಸ್ಕೂಟರ್ ನಿಲ್ಲಿಸಲು ಜಾಗವಿರುವುದಿಲ್ಲ. ನಾನು ಅಂಥದೊಂದು ಬೀದಿಯಲ್ಲಿ ಬಾಡಿಗೆಗಿದ್ದವನಾದ್ದರಿಂದ ಸಮುದ್ರದ ಕಡೆಯ ನೆಮ್ಮದಿಯ ಖರ್ಚು ಯಾರ ಖಾತೆಗೆ ಬೀಳುತ್ತದೆಂದು ಬಲ್ಲೆ.

ಇನ್ನೊಂದು ಮಾತು. ಬ್ಯಾರಿಕೇಡ್ ಇಟ್ಟ ಕಡೆ ಪೊಲೀಸರು ಇರುತ್ತಾರೆ. ಯಾರೂ ಇಲ್ಲದ ಹೊತ್ತಿನಲ್ಲಿ ಬ್ಯಾರಿಕೇಡನ್ನು ಸರಿಸಿ ಬೈಕು ನುಗ್ಗಿಸುವವರನ್ನು ನಾನೇ ಕಂಡಿದ್ದೇನೆ. ನಿಮ್ಮ ಊರಿನ ಎರಡು ತುದಿಗಳಲ್ಲಿ, ವರ್ಷವಿಡೀ, ರಾತ್ರಿಯ ಹನ್ನೆರಡೂ ಗಂಟೆಗಳ ಕಾಲ ನಿಲ್ಲುವವರು ಯಾರು, ಅವರಿಗೆ ಸಂಬಳ ಕೊಡುವವರು ಯಾರು ಎಂಬುದನ್ನು ಟಿಪ್ಪಣಿಯ ಮೊದಲ ಪುಟದಲ್ಲಿಯೇ ಬರೆಯಿರಿ.

ಮಲ್ಪೆ ಕಡೆಯ ಮೀನುಗಾರ ಮನೆತನದ ಮಹಿಳೆ

ನಮ್ಮ ಬದಿಯಲ್ಲಿ ಈ ಪ್ರಯೋಗ ಆಗಿಹೋಗಿದೆ. ಯಾವ ಆದೇಶವೂ ಇಲ್ಲದೆ ಊರಿನ ಯುವಕರೇ ಸೇರಿ ಒಂದು ತುದಿಗೆ ಕಬ್ಬಿಣದ ಗೇಟು ನಿಲ್ಲಿಸಿ, ಬೀಗದ ಕೈಯನ್ನು ಒಬ್ಬ ಕಾವಲುಗಾರನ ಬಳಿ ಕೊಟ್ಟಿದ್ದರು. ಮೊದಲ ವಾರ ಎಲ್ಲರೂ ಹೊಗಳಿದರು. ಎರಡನೆಯ ವಾರ ನನ್ನ ಮಾವನವರಿಗೆ ರಾತ್ರಿ ಎರಡು ಗಂಟೆಗೆ ಎದೆನೋವು ಬಂದಾಗ 108 ವಾಹನ ಬಂದು ಗೇಟಿನ ಆಚೆ ನಿಂತಿತು. ಕಾವಲುಗಾರ ಹತ್ತಿರದ ಬಯಲಿನಲ್ಲಿ ಯಕ್ಷಗಾನದ ಆಟ ನೋಡಲು ಹೋಗಿದ್ದ. ಮಾವನವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನಾಲ್ವರು ಹೊತ್ತು ಗೇಟಿನ ಬದಿಯ ಸಂದಿಯಿಂದ ದಾಟಿಸಿದೆವು. ಅವರು ಉಳಿದರು, ಗೇಟು ಉಳಿಯಲಿಲ್ಲ.

ರಾತ್ರಿ ಎಂದರೆ ಎಲ್ಲರೂ ಮಲಗುವ ಹೊತ್ತು ಎಂದು ತಿಳಿದವರು ಮಾತ್ರ ಬೆಳಿಗ್ಗೆ 6ರ ಲೆಕ್ಕ ಹೇಳಬಲ್ಲರು. ಮೀನು ಮಾರುವ ಹೆಂಗಸರಾದ ನಾವು ಏಲಂ ಹಿಡಿಯಲು ನಸುಕಿಗೆ ಮೊದಲೇ ರಿಕ್ಷಾದಲ್ಲಿ ದೋಣಿಗಳು ಮೀನು ಇಳಿಸುವ ದಕ್ಕೆಗೆ ಹೊರಡಬೇಕು. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿದ್ದರೂ ನಾಡದೋಣಿಗಳು ಮಳೆಗಾಲದಲ್ಲೇ ಕಡಲಿಗೆ ಇಳಿಯುತ್ತವೆ. ಅವು ಯಾವ ಹೊತ್ತಿಗೆ ದಡ ಸೇರುತ್ತವೆಂಬುದನ್ನು ಗಡಿಯಾರ ಹೇಳುವುದಿಲ್ಲ, ಬಲೆಗೆ ಬಿದ್ದ ಮೀನು ಹೇಳುತ್ತದೆ. ಐಸ್ ಹೊತ್ತ ಟೆಂಪೊ ಗೇಟಿನಲ್ಲಿ ಅರ್ಧ ಗಂಟೆ ಕಾದರೆ ನಷ್ಟ ಯಾರಿಗೆ? ಗೇಟು ಬೇಡವೆಂದು ನಾನು ಹೇಳುತ್ತಿಲ್ಲ. ರಸ್ತೆಯನ್ನು ನಿಜವಾಗಿ ಬಳಸುವವರನ್ನು ಕೇಳದೆ ವೇಳೆ ನಿಗದಿ ಮಾಡಬೇಡಿ. ನಿಮ್ಮ ಗ್ರಾಮಸಭೆಯಲ್ಲಿ ಮಾತಾಡಿದವರಲ್ಲಿ ಹೆಂಗಸರು ಎಷ್ಟು ಜನರಿದ್ದರು?

ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ಎಂಜಿನಿಯರ್

ಮೇಲಿನ ಸಹೋದರಿ ಹೇಳಿದ ಗೇಟು ತೆರವಾದದ್ದು ಒಳ್ಳೆಯದೇ ಆಯಿತು, ಏಕೆಂದರೆ ಅದು ಕಾನೂನಿನಲ್ಲಿ ನಿಲ್ಲುವಂಥದ್ದಲ್ಲ. ಸಾರ್ವಜನಿಕ ರಸ್ತೆಯಲ್ಲಿ ವಾಹನ ಸಂಚಾರವನ್ನು ನಿರ್ಬಂಧಿಸುವ ಅಧಿಕಾರ ಮೋಟಾರು ವಾಹನ ಕಾಯ್ದೆ, 1988ರ 115ನೇ ಕಲಮಿನಂತೆ ರಾಜ್ಯ ಸರಕಾರಕ್ಕೆ ಅಥವಾ ಅದು ಅಧಿಕಾರ ಕೊಟ್ಟವರಿಗೆ ಇದೆ. ನಮ್ಮ ಜಿಲ್ಲೆಗಳಲ್ಲಿ ಸಾಮಾನ್ಯವಾಗಿ ಜಿಲ್ಲಾಧಿಕಾರಿಗಳು ಇಂಥ ಆದೇಶ ಹೊರಡಿಸುತ್ತಾರೆ. ಗ್ರಾಮಸಭೆ ಠರಾವು ಮಾಡಿ ಕೇಳಬಹುದು, ತಾನೇ ಮುಚ್ಚಲಾಗದು. ಆದರೆ ಅದೇ ಕಲಮಿನಲ್ಲಿ ನಿಮಗೆ ಉಪಯೋಗಕ್ಕೆ ಬರುವ ಒಂದು ಮಾತಿದೆ: ಒಂದು ತಿಂಗಳಿಗೆ ಮೀರದ ನಿರ್ಬಂಧಕ್ಕೆ ರಾಜ್ಯಪತ್ರದಲ್ಲಿ ಅಧಿಸೂಚನೆ ಬೇಕಿಲ್ಲ, ಸ್ಥಳೀಯವಾಗಿ ಪ್ರಚಾರ ಮಾಡಿದರೆ ಸಾಕು. ಅಂದರೆ ಶಾಶ್ವತವಾಗಿ ಮುಚ್ಚಬೇಕೇ ಬೇಡವೇ ಎಂದು ಜಗಳವಾಡುವ ಮೊದಲು ಒಂದು ತಿಂಗಳು ಪರೀಕ್ಷೆ ಮಾಡಿ ನೋಡುವುದಕ್ಕೆ ಅವಕಾಶವಿದೆ.

ಆ ತಿಂಗಳನ್ನು ಮಳೆಗಾಲದ ಆಟಿ ತಿಂಗಳಲ್ಲಿ ಮಾತ್ರ ಇಟ್ಟುಕೊಳ್ಳಬೇಡಿ. ಮಳೆಗೆ ಪ್ರವಾಸಿಗಳೇ ಬಾರದ ದಿನಗಳಲ್ಲಿ ಗೇಟು ಹಾಕಿ, ವೇಗ ಕಡಿಮೆಯಾಯಿತು, ವ್ಯಾಪಾರಕ್ಕೂ ನಷ್ಟವಾಗಲಿಲ್ಲ ಎಂದು ವರದಿ ಬರೆದರೆ ಡಿಸೆಂಬರಿನಲ್ಲಿ ಅದು ನಗೆಪಾಟಲಾಗುತ್ತದೆ.

ನನ್ನ ಅಭಿಪ್ರಾಯದಲ್ಲಿ, ಒಂದೇ ರಸ್ತೆಯಿರುವ ಊರಿಗೆ ಗೇಟಿಗಿಂತ ಉಬ್ಬುಗಳೇ ಸರಿಯಾದ ಔಷಧ, ಆದರೆ ಅಪಘಾತವಾದ ರಾತ್ರಿ ಸಿಮೆಂಟು ಸುರಿದು ಕಟ್ಟುವ ಆ ದಿಣ್ಣೆಗಳಲ್ಲ. ಅವು ಬಸುರಿ ಹೆಂಗಸರ ಮತ್ತು ಮುದುಕರ ಬೆನ್ನನ್ನು ಮುರಿಯುತ್ತವೆಯೇ ಹೊರತು, ಎತ್ತರದ ಬೈಕು ಓಡಿಸುವ ಹುಡುಗನಿಗೆ ಅದೊಂದು ಆಟ. ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ 99ನೇ ಸಂಖ್ಯೆಯ 1988ರ ಮಾರ್ಗಸೂಚಿಯಲ್ಲಿ ಹೇಳಿದ ಉಬ್ಬು ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ್ದು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಅದರ ಮೇಲೆ ಆರಾಮವಾಗಿ ಹೋಗಬಹುದು, ಅದನ್ನು ಮೀರಿದರೆ ಚಾಲಕನಿಗೇ ಏಟು. ಒಂದನ್ನು ಹಾಕಿ ಬಿಟ್ಟರೆ ಪ್ರಯೋಜನವಿಲ್ಲ, 100ರಿಂದ 120 ಮೀಟರಿಗೊಂದರಂತೆ ಸಾಲಾಗಿ ಬೇಕು. ನಡುವೆ ಮತ್ತೆ ಆಕ್ಸಿಲರೇಟರ್ ತಿರುಗಿಸುವಷ್ಟು ಅಂತರ ಸಿಗಬಾರದು. ಮುಂಚಿತವಾಗಿ ಫಲಕ ಮತ್ತು ರಾತ್ರಿ ಹೊಳೆಯುವ ಬಣ್ಣವಿಲ್ಲದಿದ್ದರೆ ಉಬ್ಬೇ ಅಪಘಾತಕ್ಕೆ ಕಾರಣವಾಗುತ್ತದೆ.

ದಂಡದ ಬಗ್ಗೆ ಹೇಳುವುದಾದರೆ, 2019ರ ತಿದ್ದುಪಡಿಯ ನಂತರ ರಸ್ತೆಯಲ್ಲಿ ರೇಸ್ ಮಾಡಿದ್ದಕ್ಕೆ 189ನೇ ಕಲಮಿನಡಿ ಮೊದಲ ಬಾರಿಗೆ 5,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ ಇವೆ. ವಾಹನ ಓಡಿಸಿದವನು ಅಪ್ರಾಪ್ತನಾದರೆ 199ಎ ಕಲಮಿನಂತೆ ಪೋಷಕರು ಅಥವಾ ವಾಹನದ ಮಾಲೀಕರು 25,000 ರೂಪಾಯಿ ದಂಡ ಮತ್ತು ಜೈಲು ಶಿಕ್ಷೆಗೆ ಒಳಗಾಗಬಹುದು. ಇದನ್ನು ದೊಡ್ಡ ಅಕ್ಷರದ ಫಲಕದಲ್ಲಿ ಬರೆಸಿದರೆ ಅಪ್ಪಂದಿರಾದರೂ ಓದುತ್ತಾರೆ.

ಕೊನೆಯದಾಗಿ, ವೇಗ ಹೆಚ್ಚೆಂದು ಬಾಯಿಮಾತಿನಲ್ಲಿ ಹೇಳಿದರೆ ಯಾವ ಕಚೇರಿಯೂ ಕೇಳುವುದಿಲ್ಲ. ರಸ್ತೆಯ ಮೇಲೆ 50 ಮೀಟರ್ ಅಳೆದು ಸುಣ್ಣದಿಂದ ಎರಡು ಗೆರೆ ಎಳೆಯಿರಿ. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ರಸ್ತೆಯಿಂದ ದೂರ ಕುಳಿತುಕೊಳ್ಳಿ. ಆ ಅಂತರವನ್ನು 6 ಸೆಕೆಂಡಿನಲ್ಲಿ ದಾಟಿದ ವಾಹನದ ವೇಗ ಗಂಟೆಗೆ 30 ಕಿಲೋಮೀಟರ್, 3 ಸೆಕೆಂಡಿನಲ್ಲಾದರೆ 60, 2 ಸೆಕೆಂಡಿನಲ್ಲಾದರೆ 90. ನಾಲ್ಕು ವಾರಾಂತ್ಯಗಳ ಪಟ್ಟಿಯನ್ನು ಠರಾವಿಗೆ ಲಗತ್ತಿಸಿ, ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಮುಂದೆ ಇಡಿ.

ಇಂಗ್ಲೆಂಡಿನ ಬ್ರೈಟನ್‌ನಲ್ಲಿದ್ದು ಈಗ ಮೈಸೂರಿನಲ್ಲಿರುವವರು

ಬ್ರೈಟನ್ನಿನ ಕಡಲ ತಡಿಯ ಮಡೀರಾ ಡ್ರೈವ್ ಎಂಬ ರಸ್ತೆಯಲ್ಲಿ 1905ರಲ್ಲಿಯೇ ಕಾರುಗಳ ವೇಗದ ಸ್ಪರ್ಧೆ ನಡೆದಿತ್ತು. ಅಂಥ ರಸ್ತೆಯನ್ನು 2020ರ ಏಪ್ರಿಲ್‌ನಲ್ಲಿ, ಕೋವಿಡ್ ಕಾಲದಲ್ಲಿ, ಹಗಲು 8ರಿಂದ ರಾತ್ರಿ 8ರವರೆಗೆ ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟುಕೊಟ್ಟರು. ಅಂಗಡಿಯವರಿಂದಲೂ ಅಂಗವಿಕಲರಿಂದಲೂ ಆಕ್ಷೇಪ ಬಂತು. ಬಳಿಕ ಅದು ಒಂದೇ ದಿಕ್ಕಿನ ಸಂಚಾರಕ್ಕೆ ತೆರೆಯಿತು, ಸೈಕಲ್ಲಿಗೆ ಪ್ರತ್ಯೇಕ ಪಟ್ಟಿ ಉಳಿಯಿತು. ಅಲ್ಲಿಯೂ ಪೂರ್ತಿ ಮುಚ್ಚುವುದು, ಪೂರ್ತಿ ಬಿಡುವುದು ಎಂಬ ಎರಡರ ನಡುವೆಯೇ ದಾರಿ ಸಿಕ್ಕಿತು.

ಅಲ್ಲಿನ ಕಾನೂನಿನಲ್ಲಿ ರಸ್ತೆ ಬದಲಾವಣೆಗೆ ಪ್ರಾಯೋಗಿಕ ಆದೇಶ ಎಂಬುದೊಂದಿದೆ. ಅದು ಹೆಚ್ಚೆಂದರೆ 18 ತಿಂಗಳು ಜಾರಿಯಲ್ಲಿರುತ್ತದೆ, ಮೊದಲ ಆರು ತಿಂಗಳಲ್ಲಿ ಜನ ಲಿಖಿತ ಆಕ್ಷೇಪ ಸಲ್ಲಿಸಬಹುದು. ಬದಲಾವಣೆಯನ್ನು ಅನುಭವಿಸಿದ ಮೇಲೆ ಬರೆದ ಆಕ್ಷೇಪಗಳಿಗೂ ಊಹಿಸಿಕೊಂಡು ಬರೆದವುಗಳಿಗೂ ಅಜಗಜಾಂತರವಿರುತ್ತದೆ. ನಿಮ್ಮ ಒಂದು ತಿಂಗಳ ಪರೀಕ್ಷೆಯಲ್ಲಿಯೂ ಪಂಚಾಯತಿಯಲ್ಲಿ ಒಂದು ದಪ್ಪ ಪುಸ್ತಕವಿಟ್ಟು, ಯಾರು ಬೇಕಾದರೂ ಬರೆದು ಸಹಿ ಹಾಕುವಂತೆ ಮಾಡಿ.

ಪ್ರಶ್ನೆ ಕೇಳಿದವರು, ಎರಡು ವಾರಗಳ ನಂತರ

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಎಂಜಿನಿಯರ್ ಸರ್ ಹೇಳಿದಂತೆ ಭಜನಾ ಮಂದಿರದ ಎದುರು 50 ಮೀಟರ್ ಅಳೆದು, ಎರಡು ಭಾನುವಾರ ಸಂಜೆ ನಾನೂ ಅಂಗಡಿಯವರೊಬ್ಬರೂ ಕುಳಿತೆವು. ಗೇಟಿನ ಪರ ನಾನು, ವಿರುದ್ಧ ಅವರು. ಹಾಗಾಗಿ ಲೆಕ್ಕದಲ್ಲಿ ತಕರಾರು ಬರಲಾರದೆಂದು ಭಾವಿಸಿದ್ದೇನೆ. 3 ಸೆಕೆಂಡಿನೊಳಗೆ ದಾಟಿದ ವಾಹನಗಳ ಸಂಖ್ಯೆ ನೋಡಿ ಅವರು ಉಬ್ಬುಗಳ ಸಾಲಿಗೆ ಸಹಿ ಹಾಕಲು ಒಪ್ಪಿದ್ದಾರೆ. ಹೊರಗಿನವರೇ ಕಾರಣ ಎಂದು ನಾನು ಬರೆದದ್ದನ್ನು ಮಾತ್ರ ತಿದ್ದಬೇಕಾಗಿದೆ. ಆ ಪಟ್ಟಿಯಲ್ಲಿ ಏಳು ವಾಹನಗಳು ನಮ್ಮ ಊರಿನವೇ, ಅವುಗಳಲ್ಲಿ ಒಂದು ನನ್ನ ಅಕ್ಕನ ಮಗನ ಬೈಕು.

ಮೀನು ಮಾರುವ ಹತ್ತು ಹೆಂಗಸರನ್ನು ಕಂಡು ಮಾತಾಡಿದೆ. ಗ್ರಾಮಸಭೆ ಇಟ್ಟ ಹೊತ್ತಿನಲ್ಲಿ ಅವರೆಲ್ಲ ಮಾರುಕಟ್ಟೆಯಲ್ಲಿದ್ದರಂತೆ. ಮುಂದಿನ ಸಭೆಯನ್ನು ಮಧ್ಯಾಹ್ನ ಮೂರರ ನಂತರ ಇಡಬೇಕೆಂದು ಪಂಚಾಯತಿಗೆ ಅರ್ಜಿ ಕೊಟ್ಟು ಬಂದಿದ್ದೇನೆ.