ಸಹಾಯ ಬೇಕು: ಮೊದಲ ಕಾದಂಬರಿ ಓದುಗರಿಗೆ ತಲುಪುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷ ಕೂತು ಬರೆದ ಪ್ರೇಮ ಕಾದಂಬರಿಯನ್ನು ನಾನೇ ಅಚ್ಚು ಹಾಕಿಸಿದೆ. ಶಿರಸಿಯ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ಹುಡುಗಿಯ ಕಥೆ. 500 ಪ್ರತಿ, ಬೆಲೆ 180 ರೂಪಾಯಿ. ನೆಂಟರು, ಗೆಳೆಯರು ಸೇರಿ ಕೊಂಡಿದ್ದು 90. ಉಳಿದ ಕಟ್ಟುಗಳು ಮಂಚದ ಕೆಳಗಿವೆ. ಮಳೆಗಾಲದ ಥಂಡಿ ತಾಗದಿರಲಿ ಅಂತ ಪ್ಲಾಸ್ಟಿಕ್ ಸುತ್ತಿಟ್ಟಿದ್ದೇನೆ.

ಫೇಸ್‌ಬುಕ್‌ನಲ್ಲಿ ಮುಖಪುಟ ಹಾಕಿದೆ. ಲೈಕ್ ಜಾಸ್ತಿ ಬಂತು, ಆರ್ಡರ್ ಬರಲಿಲ್ಲ. ಅಂಗಡಿಯವರು ನೂರಕ್ಕೆ 40 ಕಮಿಷನ್ ಕೇಳುತ್ತಾರೆ. ಪ್ರತಿಗೆ 95 ಖರ್ಚಾಗಿದೆ, ನನಗೆ ಉಳಿಯುವುದು 13 ರೂಪಾಯಿ. ವಾಟ್ಸಾಪ್‌ನಲ್ಲಿ ಮೊದಲ ಅಧ್ಯಾಯ ಕಳಿಸಿದಾಗ ಮಾತ್ರ ಹನ್ನೊಂದು ಅಪರಿಚಿತರು ಕೇಳಿ ತರಿಸಿಕೊಂಡರು. ಅವತ್ತು ಖುಷಿಗೆ ನಿದ್ದೆ ಬರಲಿಲ್ಲ.

ಕಥೆ ಬರೆಯುವ, ಓದುವ ಆ್ಯಪ್ ಪ್ರತಿಲಿಪಿಯಲ್ಲಿ ಐದು ಅಧ್ಯಾಯ ಹಾಕೋಣ ಅನ್ನಿಸುತ್ತಿದೆ. ಹಾಗೆ ಮಾಡಿದವರು ಇದ್ದೀರಾ? ಬಿಟ್ಟಿ ಓದಿದವರು ಆಮೇಲೆ ಪುಸ್ತಕ ಕೊಂಡರಾ, ಅಲ್ಲಿಗೇ ನಿಂತರಾ?